ಇಂಗ್ಲೆಂಡಿನ ಕಾಂಪ್ರಿಹೆನ್ಸಿವ್ ಶಾಲೆ: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಹತ್ತು ತುಂಬುವ ಹೊತ್ತಿಗೆ ಇಂಗ್ಲೆಂಡಿನ ಕನ್ನಡದ ಮನೆಗಳಲ್ಲಿ ಒಂದೇ ಮಾತು: ಸೆಕೆಂಡರಿ ಸ್ಕೂಲ್. ಯುಗಾದಿ ಊಟದ ಸಾಲಿನಲ್ಲಿ, ರಾಜ್ಯೋತ್ಸವದ ಸಭಾಂಗಣದ ಹಿಂದಿನ ಕುರ್ಚಿಗಳಲ್ಲಿ, ರಾತ್ರಿ ಹತ್ತರ ಫೋನಿನಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ನನ್ನ ಇಬ್ಬರು ಮಕ್ಕಳೂ ಮನೆ ಹತ್ತಿರದ ಕಾಂಪ್ರಿಹೆನ್ಸಿವ್ ಶಾಲೆಯಲ್ಲಿ ಓದಿದವರು. ನನ್ನ ಒಲವು ಎತ್ತ ಎಂದು ಇದರಿಂದಲೇ ತಿಳಿಯಬಹುದು. ಇದು ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ವ್ಯವಸ್ಥೆ ಬೇರೆ.

## ಮೊದಲ ಮಾತು

ಕಾಂಪ್ರಿಹೆನ್ಸಿವ್ ಅಂದ್ರೆ ಏನ್ರೀ? ಸರ್ಕಾರಿ ಶಾಲೆನೇ ತಾನೆ?

ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆ ಹೌದು. ಅದರ ಗುರುತು ಇನ್ನೊಂದಿದೆ: ಮಗುವಿನ ಜಾಣತನ ಅಳೆದು ಸೀಟು ಕೊಡುವುದಿಲ್ಲ. ಸುತ್ತಲಿನ ಮಕ್ಕಳೆಲ್ಲರಿಗೂ ಒಂದೇ ಬಾಗಿಲು.

ಮೊದಲು ಹೀಗಿರಲಿಲ್ಲ. 1944ರ ಶಿಕ್ಷಣ ಕಾಯ್ದೆಯ ನಂತರ ಹನ್ನೊಂದರ ವಯಸ್ಸಿಗೆ 'ಇಲೆವೆನ್ ಪ್ಲಸ್' ಪರೀಕ್ಷೆ ಬರೆಸಿ, ಪಾಸಾದವರನ್ನು ಗ್ರಾಮರ್ ಶಾಲೆಗೂ ಉಳಿದವರಲ್ಲಿ ಬಹುಪಾಲನ್ನು ಸೆಕೆಂಡರಿ ಮಾಡರ್ನ್ ಶಾಲೆಗೂ ಕಳಿಸುತ್ತಿದ್ದರು. ಹನ್ನೊಂದರಲ್ಲೇ ಹಣೆಬರಹ ಬರೆದ ಹಾಗೆ. ಇದಕ್ಕೆ ಬೇಸತ್ತ ಕಡೆಗಳಲ್ಲಿ ಎಲ್ಲರಿಗೂ ಒಂದೇ ಶಾಲೆ ಎಂಬ ಪ್ರಯೋಗ ಶುರುವಾಯಿತು; ಲಂಡನ್ನಿನ ಕಿಡ್‌ಬ್ರೂಕ್ ಶಾಲೆ 1954ರಲ್ಲಿ ಅದಕ್ಕೆಂದೇ ಕಟ್ಟಿಸಿದ್ದು. 1965ರಲ್ಲಿ ಶಿಕ್ಷಣ ಮಂತ್ರಿ ಆಂಥೊನಿ ಕ್ರಾಸ್ಲಂಡ್ ಹೊರಡಿಸಿದ ಸುತ್ತೋಲೆ ಇಡೀ ದೇಶವನ್ನು ಆ ದಿಕ್ಕಿಗೆ ತಿರುಗಿಸಿತು. ತಮಾಷೆಯೆಂದರೆ, 1970ರಿಂದ 74ರವರೆಗೆ ಶಿಕ್ಷಣ ಮಂತ್ರಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಆ ಸುತ್ತೋಲೆಯನ್ನು ಹಿಂತೆಗೆದುಕೊಂಡರೂ ಅವರ ಕಾಲದಲ್ಲೇ ರಾಶಿ ರಾಶಿ ಶಾಲೆಗಳು ಕಾಂಪ್ರಿಹೆನ್ಸಿವ್ ಆದವು.

ನಿಜವಾಗ್ಲೂ ಫೀಸ್ ಇಲ್ವಾ? ಕೊನೆಗೆ ಡೊನೇಶನ್ ಅಂತ ಏನಾದ್ರೂ ಕೇಳ್ತಾರಾ?

ಇಲ್ಲ. ಪಾಠಕ್ಕೆ, ಪ್ರವೇಶಕ್ಕೆ, ಶಾಲೆಯೇ ಓದಿಸಿದ ವಿಷಯದ ಪಬ್ಲಿಕ್ ಪರೀಕ್ಷೆಗೆ ದುಡ್ಡಿಲ್ಲ. ಒಬ್ಬೊಬ್ಬರಿಗೇ ಹೇಳಿಕೊಡುವ ಪಿಟೀಲು, ಪಿಯಾನೊ ಪಾಠಕ್ಕೆ, ಹೊರಗೆ ಉಳಿಯುವ ಪ್ರವಾಸದ ಊಟ–ವಸತಿಗೆ ಕೇಳಬಹುದು. ಶಾಲೆಯ ಹೊತ್ತಿನಲ್ಲೇ ನಡೆಯುವ ಮ್ಯೂಸಿಯಂ ಪ್ರವಾಸಕ್ಕೆ ಪತ್ರ ಬಂದರೆ ಅದರಲ್ಲಿ 'ವಾಲಂಟರಿ ಕಾಂಟ್ರಿಬ್ಯೂಷನ್' ಎಂದಿರುತ್ತದೆ. ಕೊಡಲಾಗಲಿಲ್ಲವೆಂದು ನಿಮ್ಮ ಮಗುವನ್ನು ಬಿಟ್ಟು ಹೋಗುವಂತಿಲ್ಲ. ಯಾರೂ ಕೊಡದಿದ್ದರೆ ಪ್ರವಾಸವೇ ರದ್ದಾಗಬಹುದು, ಅದು ಬೇರೆ ಮಾತು. ಯೂನಿಫಾರಂ ಮಾತ್ರ ನಮ್ಮದೇ ಖರ್ಚು. ಕೈದಾಟಿದ ಬ್ಲೇಜರುಗಳನ್ನು ಪೋಷಕರ ಸಂಘದವರೇ ಎರಡು ಮೂರು ಪೌಂಡಿಗೆ ಮಾರುವುದುಂಟು. ಸಂಕೋಚ ಬಿಟ್ಟು ಕೇಳಿ.

ವೀಸಾದ ಮೇಲೆ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ಅಂತಿದೆ. ಮಗನನ್ನ ಸೇರಿಸಿದ್ರೆ ಮುಂದೆ ತೊಂದರೆ ಆಗಲ್ವಾ?

ಆಗುವುದಿಲ್ಲ. ಆ ಷರತ್ತು ಕೆಲವು ಭತ್ಯೆ, ಸರ್ಕಾರಿ ವಸತಿಗಳಿಗೆ ಸಂಬಂಧಿಸಿದ್ದು. ಶಾಲೆ ಆ ಪಟ್ಟಿಯಲ್ಲಿಲ್ಲ. ನಿಮ್ಮ ಜೊತೆ ಡಿಪೆಂಡೆಂಟ್ ಆಗಿ ಬಂದ ಮಗು ಧಾರಾಳವಾಗಿ ಸೇರಬಹುದು.

ಮಗಳು ಊರಲ್ಲಿ ಏಳನೇ ಕ್ಲಾಸು ಓದ್ತಿದ್ಲು. ಇಲ್ಲಿ ಇಯರ್ ಸೆವೆನ್ನಾ?

ಇಲ್ಲಿ ಹಿಂದಿನ ಅಂಕಪಟ್ಟಿ ನೋಡುವುದಿಲ್ಲ, ಹುಟ್ಟಿದ ದಿನ ನೋಡುತ್ತಾರೆ. ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರೊಳಗೆ ಹುಟ್ಟಿದವರೆಲ್ಲ ಒಂದೇ ತರಗತಿ. ಆಗಸ್ಟ್ ಕೊನೆಗೆ 11 ತುಂಬಿರುವ ಮಗು ಸೆಪ್ಟೆಂಬರಿನಲ್ಲಿ ಇಯರ್ 7, 12 ತುಂಬಿದ್ದರೆ ಇಯರ್ 8. ಊರಿನ ತರಗತಿಗೆ ಒಂದು ಕೂಡಿಸಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. 'ಮಗಳು ಚುರುಕು, ಒಂದು ಕ್ಲಾಸು ಮೇಲೆ ಹಾಕಿ' ಎಂದು ಕೇಳುವವರಿದ್ದಾರೆ. ಒಪ್ಪುವುದು ಅಪರೂಪ.

ಗೇಟಿನ ಮೇಲೆ 'ಅಕಾಡೆಮಿ' ಅಂತ ಬರ್ದಿದಾರೆ. ಅದು ಪ್ರೈವೇಟಾ?

ಅಲ್ಲ. ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್ಲಿನ ಬದಲು ಒಂದು ಟ್ರಸ್ಟ್ ನಡೆಸುತ್ತದೆ, ದುಡ್ಡು ಸರ್ಕಾರದ್ದೇ. ಇಂಗ್ಲೆಂಡಿನ ಸೆಕೆಂಡರಿ ಶಾಲೆಗಳಲ್ಲಿ ಈಗ ಬಹುಪಾಲು ಅಕಾಡೆಮಿಗಳೇ. ಇನ್ನು 'ಪಬ್ಲಿಕ್ ಸ್ಕೂಲ್' ಎಂದು ಕಂಡರೆ ಮಾತ್ರ ಹುಷಾರು, ಇಲ್ಲಿ ಆ ಹೆಸರು ದುಬಾರಿ ಖಾಸಗಿ ಶಾಲೆಗಳದ್ದು.

## ಸೀಟಿನ ಚಿಂತೆ

ಅರ್ಜಿ ಯಾವಾಗ ಹಾಕ್ಬೇಕು? ಶಾಲೆಗೇ ಹೋಗಿ ಕೊಡ್ಬೇಕಾ?

ಮಗು ಇಯರ್ 6ರಲ್ಲಿರುವಾಗ ಅಕ್ಟೋಬರ್ 31 ಕೊನೆಯ ದಿನ. ಅರ್ಜಿ ಹೋಗುವುದು ಶಾಲೆಗಲ್ಲ, ನೀವು ವಾಸಿಸುವ ಊರಿನ ಕೌನ್ಸಿಲ್‌ಗೆ. ಶಾಲೆ ಪಕ್ಕದ ಕೌನ್ಸಿಲ್ ಗಡಿಯಲ್ಲಿದ್ದರೂ ಅರ್ಜಿ ನಿಮ್ಮ ಕೌನ್ಸಿಲ್ಲಿಗೇ. ಉತ್ತರ ಮಾರ್ಚ್ 1ಕ್ಕೆ, ಅಂದು ರಜೆಯಾದರೆ ಮುಂದಿನ ಕೆಲಸದ ದಿನಕ್ಕೆ ಬರುತ್ತದೆ. ವರ್ಷದ ನಡುವೆ ಇಂಗ್ಲೆಂಡಿಗೆ ಬಂದವರದ್ದು 'ಇನ್-ಇಯರ್' ಅರ್ಜಿ. ಕೆಲವು ಊರುಗಳಲ್ಲಿ ಅದನ್ನು ನೇರವಾಗಿ ಶಾಲೆಗೇ ಕೊಡಬೇಕು, ಕೌನ್ಸಿಲ್ಲಿನ ಪುಟದಲ್ಲಿ ಬರೆದಿರುತ್ತದೆ. ಅಕ್ಟೋಬರ್ 31ನ್ನು ದೀಪಾವಳಿ ಗಡಿಬಿಡಿಯಲ್ಲಿ ಮರೆತ ಮನೆಗಳನ್ನು ಬಲ್ಲೆ. ತಡವಾದ ಅರ್ಜಿಯನ್ನು ಎಲ್ಲರಿಗೂ ಹಂಚಿಯಾದ ಮೇಲೆ ನೋಡುತ್ತಾರೆ.

ಕಷ್ಟದ ಶಾಲೆ ಮೊದಲು ಬರೆದ್ರೆ, ಎರಡನೇ ಶಾಲೆಯವರು 'ನಮ್ಮನ್ನ ಮೊದಲು ಬರೆದಿಲ್ಲ' ಅಂತ ಸಿಟ್ಟಾಗಲ್ವಾ?

ಈ ಭಯದಿಂದ ಹಾಳಾದ ಅರ್ಜಿಗಳು ಎಷ್ಟೋ. ನೀವು ಬರೆದ ಕ್ರಮ ಶಾಲೆಗಳಿಗೆ ಕಾಣುವುದೇ ಇಲ್ಲ. ಪ್ರತಿ ಶಾಲೆಯೂ ತನ್ನ ನಿಯಮದ ಪ್ರಕಾರ ಮಕ್ಕಳ ಪಟ್ಟಿ ಮಾಡುತ್ತದೆ. ಎರಡು ಕಡೆ ಸಿಗುವಂತಿದ್ದರೆ ನಿಮ್ಮ ಪಟ್ಟಿಯಲ್ಲಿ ಮೇಲಿರುವುದನ್ನು ಕೌನ್ಸಿಲ್ ಕೊಡುತ್ತದೆ. ಹಾಗಾಗಿ ನಿಮಗೆ ಯಾವುದು ನಿಜವಾಗಿ ಬೇಕೋ ಅದೇ ಕ್ರಮದಲ್ಲಿ ಬರೆಯಿರಿ. ಮೂರು ಶಾಲೆಗಾದರೂ ಜಾಗವಿರುತ್ತದೆ, ಲಂಡನ್ನಿನಲ್ಲಿ ಆರಕ್ಕೆ. ಒಂದೇ ಶಾಲೆ ಬರೆದು ಉಳಿದದ್ದು ಖಾಲಿ ಬಿಟ್ಟರೆ ಅದೇ ಸಿಗುತ್ತದೆ ಎಂಬುದೂ ಭ್ರಮೆ. ಅದು ಸಿಗದಿದ್ದರೆ ಎಲ್ಲೋ ಉಳಿದ ಸೀಟಿಗೆ ನಿಮ್ಮ ಮಗು. ಖಾತ್ರಿಯಾಗಿ ಸಿಗುವಂಥ ಹತ್ತಿರದ ಶಾಲೆಯೊಂದು ಪಟ್ಟಿಯ ಕೊನೆಯಲ್ಲಾದರೂ ಇರಲಿ.

ಶಾಲೆ ಪಕ್ಕದಲ್ಲೇ ಮನೆ ಮಾಡಿದ್ರೆ ಸೀಟು ಗ್ಯಾರಂಟಿನಾ?

ಗ್ಯಾರಂಟಿ ಎಂಬ ಮಾತು ಇಲ್ಲಿಲ್ಲ. ವಿಶೇಷ ಅಗತ್ಯದ ದಾಖಲೆಯಲ್ಲಿ ಆ ಶಾಲೆಯ ಹೆಸರಿರುವ ಮಕ್ಕಳಿಗೆ, ಸರ್ಕಾರದ ಆಶ್ರಯದಲ್ಲಿ ಬೆಳೆದ ಮಕ್ಕಳಿಗೆ ಮೊದಲ ಜಾಗ. ಆಮೇಲೆ ಸಾಮಾನ್ಯವಾಗಿ ಅಲ್ಲೇ ಓದುವವರ ತಮ್ಮ–ತಂಗಿಯರು, ಅದಾದ ಮೇಲೆ ದೂರ. ಚರ್ಚ್ ಶಾಲೆಗಳು ಪೂಜೆ ಪ್ರಾರ್ಥನೆಯ ಲೆಕ್ಕ ಕೇಳಬಹುದು. ಹಿಂದಿನ ವರ್ಷ ಕೊನೆಯ ಸೀಟು ಎಷ್ಟು ದೂರದ ಮನೆಗೆ ಹೋಯಿತೆಂದು ಕೌನ್ಸಿಲ್ ಪ್ರಕಟಿಸುತ್ತದೆ; ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಅದನ್ನು ನೋಡಿ. ಆ ದೂರ ವರ್ಷ ವರ್ಷಕ್ಕೂ ಹಿಗ್ಗುತ್ತದೆ, ಕುಗ್ಗುತ್ತದೆ. ಗೆಳೆಯರ ವಿಳಾಸ ಕೊಟ್ಟು ಸೀಟು ಪಡೆದದ್ದು ಗೊತ್ತಾದರೆ ಕೊಟ್ಟ ಸೀಟನ್ನೂ ಕಸಿಯುತ್ತಾರೆ.

ಕೇಳಿದ್ದೊಂದು, ಸಿಕ್ಕಿದ್ದೊಂದು. ಈಗೇನ್ ಮಾಡೋದು?

ಮೊದಲು, ಸಿಕ್ಕಿದ ಸೀಟನ್ನು ಒಪ್ಪಿಕೊಳ್ಳಿ. ಒಪ್ಪಿದರೆ ಬೇರೆ ಶಾಲೆಯ ಕಾಯುವ ಪಟ್ಟಿಯಲ್ಲಿ ಹಿಂದೆ ಬೀಳುತ್ತೇವೆ ಎಂಬುದು ಸುಳ್ಳು. ಬೇಕಾದ ಶಾಲೆಯ ಕಾಯುವ ಪಟ್ಟಿ ಕನಿಷ್ಠ ಡಿಸೆಂಬರ್ 31ರವರೆಗೆ ಜೀವಂತವಾಗಿರುತ್ತದೆ. ಮಾರ್ಚಿನಿಂದ ಸೆಪ್ಟೆಂಬರಿನ ನಡುವೆ ಮನೆ ಬದಲಿಸುವವರು, ಖಾಸಗಿ ಶಾಲೆಗೆ ಹೋಗುವವರು ಇರುವುದರಿಂದ ಪಟ್ಟಿ ಕದಲುತ್ತದೆ.

ಜೊತೆಗೆ ಮೇಲ್ಮನವಿ. ಶಾಲೆಗೆ ಸಂಬಂಧವಿಲ್ಲದ ಮೂವರು ಕೂತು ಕೇಳುತ್ತಾರೆ, ಅವರ ತೀರ್ಮಾನಕ್ಕೆ ಶಾಲೆ ತಲೆಬಾಗಲೇಬೇಕು. ಅಲ್ಲಿ ನಮ್ಮವರು ಮಾಡುವ ತಪ್ಪು ಒಂದೇ: ಸಿಕ್ಕಿದ ಶಾಲೆ ಎಷ್ಟು ಕೆಟ್ಟದ್ದೆಂದು ಅರ್ಧ ಗಂಟೆ ಹೇಳುವುದು. ಅವರು ತೂಗುವುದು, ಇನ್ನೊಂದು ಮಗು ಸೇರಿದರೆ ಶಾಲೆಗಾಗುವ ತೊಂದರೆ ದೊಡ್ಡದೋ, ಆ ಶಾಲೆ ಸಿಗದಿದ್ದರೆ ನಿಮ್ಮ ಮಗುವಿಗಾಗುವ ನಷ್ಟ ದೊಡ್ಡದೋ ಎಂದು. ಆ ಶಾಲೆಯಲ್ಲಿ ಮಾತ್ರ ಇರುವ ಯಾವುದು ನಿಮ್ಮ ಮಗುವಿಗೆ ಬೇಕು ಎಂಬುದನ್ನು ವೈದ್ಯರ ಪತ್ರವೋ ಶಿಕ್ಷಕರ ಮಾತೋ ಇಟ್ಟು ತೋರಿಸಿ.

ನಮ್ಮ ಸರ್ಕಲ್ಲಲ್ಲಿ ಎಲ್ಲರೂ ಗ್ರಾಮರ್ ಸ್ಕೂಲಿಗೆ ಕೋಚಿಂಗ್ ಹಾಕಿದಾರೆ. ನಾವು ಹಾಕದಿದ್ರೆ ಮಗುಗೆ ಅನ್ಯಾಯ ಮಾಡಿದ ಹಾಗಾಗುತ್ತಾ?

ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ, ಅದೂ ದನಿ ತಗ್ಗಿಸಿ.

ಇಂಗ್ಲೆಂಡಿನಲ್ಲಿ ಉಳಿದಿರುವ ಗ್ರಾಮರ್ ಶಾಲೆಗಳು 163. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಲಿಂಕನ್‌ಶೈರ್, ಹೊರ ಲಂಡನ್ನಿನ ಕೆಲವು ಭಾಗ, ಹೀಗೆ ಅಲ್ಲಲ್ಲಿ ಗುಂಪಾಗಿವೆ. ಹೊಸದಾಗಿ ತೆರೆಯುವುದನ್ನು 1998ರ ಕಾಯ್ದೆ ತಡೆದಿದೆ. ಹೆಚ್ಚಿನ ಊರುಗಳಲ್ಲಿ ಅವು ಇಲ್ಲವೇ ಇಲ್ಲ, ಅಲ್ಲಿರುವವರಿಗೆ ಈ ಚಿಂತೆಯೂ ಬೇಡ.

ಇರುವ ಕಡೆಗಳಲ್ಲಿ ಒಂದು ಸೂಕ್ಷ್ಮವಿದೆ. ಕೆಂಟ್‌ನಂಥ ಕೌಂಟಿಯಲ್ಲಿ ಪರೀಕ್ಷೆಯಲ್ಲಿ ಮುಂದಿರುವವರೆಲ್ಲ ಗ್ರಾಮರಿಗೆ ಹೋಗಿಬಿಟ್ಟ ಮೇಲೆ ಉಳಿದ ಶಾಲೆ ಹೆಸರಿಗೆ ಎಲ್ಲರ ಶಾಲೆ. ಕೆನೆ ತೆಗೆದ ಹಾಲಿನ ಹಾಗೆ. ಅಲ್ಲಿ ಪರೀಕ್ಷೆ ಬರೆಸುವ ತಂದೆತಾಯಿಯನ್ನು ನಾನು ದೂರಲಾರೆ. ಆದರೆ ಒಂದೋ ಎರಡೋ ಗ್ರಾಮರ್ ಶಾಲೆ ಇರುವ ನಗರದಲ್ಲಿ ಪಕ್ಕದ ಕಾಂಪ್ರಿಹೆನ್ಸಿವ್ ಶಾಲೆಯಲ್ಲಿ ಜಾಣ ಮಕ್ಕಳ ದಂಡೇ ಇರುತ್ತದೆ. ಗಣಿತ, ವಿಜ್ಞಾನಕ್ಕೆ 'ಸೆಟ್' ಮಾಡಿ ವೇಗಕ್ಕೆ ತಕ್ಕ ತರಗತಿಯಲ್ಲಿ ಕೂರಿಸುವ ಪದ್ಧತಿ ಬಹಳ ಕಡೆ ಇದೆ. ಮೊದಲ ಸೆಟ್ಟಿನ ಮಗುವಿಗೆ ಸಿಗುವ ಪಾಠ ಗ್ರಾಮರಿನ ಪಾಠಕ್ಕೆ ಕಡಿಮೆಯಿಲ್ಲ.

ಮಗಳನ್ನು ನಾನೂ ಒಂದು ವರ್ಷ ಭಾನುವಾರದ ಕೋಚಿಂಗಿಗೆ ಹೊತ್ತು ತಿರುಗಿದೆ. ನಾಲ್ಕು ಅಂಕಕ್ಕೆ ತಪ್ಪಿತು. ಹತ್ತು ವರ್ಷದ ಕೂಸು ಕಾರಿನ ಹಿಂದಿನ ಸೀಟಿನಲ್ಲಿ 'ಅಪ್ಪಾ ಸಾರಿ' ಎಂದಳು. ತಮ್ಮನಿಗೆ ಆ ಪರೀಕ್ಷೆ ಬರೆಸಲಿಲ್ಲ.

ಶಾಲೆ ಚೆನ್ನಾಗಿದೆಯೋ ಇಲ್ವೋ ಹೇಗೆ ತಿಳಿಯೋದು? ಆಫ್‌ಸ್ಟೆಡ್ ರೇಟಿಂಗ್ ಸಾಕಾ?

'ಔಟ್‌ಸ್ಟ್ಯಾಂಡಿಂಗ್' ಎಂಬಂಥ, ಶಾಲೆಗಳನ್ನು ತಪಾಸಣೆ ಮಾಡುವ ಆಫ್‌ಸ್ಟೆಡ್ ಸಂಸ್ಥೆ ಕೊಡುತ್ತಿದ್ದ ಒಂದು ಪದದ ತೀರ್ಪನ್ನು 2024ರ ಸೆಪ್ಟೆಂಬರಿನಲ್ಲಿ ಕೈಬಿಟ್ಟರು; 2025ರ ನವೆಂಬರಿನಿಂದ ಪಾಠ, ನಡತೆ, ಹಾಜರಿ ಎಂದೆಲ್ಲ ಬಿಡಿಬಿಡಿಯಾಗಿ ಅಳೆಯುವ ರಿಪೋರ್ಟ್ ಕಾರ್ಡ್ ಬಂದಿದೆ. ಗೇಟಿನ ಮೇಲೆ ತೂಗುವ ಹಳೆಯ ಬ್ಯಾನರಿನ ಇಸವಿ ನೋಡಲು ಮರೆಯಬೇಡಿ.

ಫಲಿತಾಂಶದಲ್ಲಿ 'ಪ್ರೋಗ್ರೆಸ್ 8' ಎಂಬುದು ಒಳ್ಳೆಯ ಅಳತೆ: ಹನ್ನೊಂದರಲ್ಲಿ ಒಂದೇ ಮಟ್ಟದಲ್ಲಿದ್ದ ಮಕ್ಕಳಲ್ಲಿ ಈ ಶಾಲೆಯವರು ಎಷ್ಟು ಮುಂದೆ ಹೋದರು ಎಂದು ಹೇಳುತ್ತದೆ. ಸೊನ್ನೆ ಎಂದರೆ ದೇಶದ ಸರಾಸರಿ. ಕೋವಿಡ್ ವರ್ಷಗಳಲ್ಲಿ ಇಯರ್ 6 ಪರೀಕ್ಷೆ ನಡೆಯದ ಕಾರಣ 2025, 2026ರ ಫಲಿತಾಂಶಗಳಿಗೆ ಈ ಅಳತೆ ಸಿಗದು, ಹಳೆಯದನ್ನೇ ನೋಡಬೇಕು.

ಇದೆಲ್ಲಕ್ಕಿಂತ ನನ್ನ ನಂಬಿಕೆ ಕಾಲಿನ ಮೇಲೆ. ಸಂಜೆಯ ಓಪನ್ ಈವನಿಂಗಿಗೆ ಶಾಲೆ ಮದುವೆ ಮನೆಯಂತೆ ಸಿಂಗಾರಗೊಂಡಿರುತ್ತದೆ. ಸಾಧಾರಣ ದಿನದ ಬೆಳಿಗ್ಗೆ ಬಂದು ನೋಡಬಹುದೇ ಎಂದು ಕೇಳಿ. ಪಾಠ ಬದಲಾಗುವ ಐದು ನಿಮಿಷ ಕಾರಿಡಾರಿನಲ್ಲಿ ನಿಂತರೆ ಸಾಕು. ಎರಡು ಪ್ರಶ್ನೆ ಇಟ್ಟುಕೊಳ್ಳಿ: ಗಣಿತ, ಭೌತಶಾಸ್ತ್ರಕ್ಕೆ ಆ ವಿಷಯ ಓದಿದ ಶಿಕ್ಷಕರೇ ಇದ್ದಾರಾ? ಕಳೆದ ವರ್ಷ ಎಷ್ಟು ಶಿಕ್ಷಕರು ಬಿಟ್ಟು ಹೋದರು?

## ಒಳಗೆ ಹೋದ ಮೇಲೆ

ಚೀಲದಲ್ಲಿ ಪುಸ್ತಕ ಇಲ್ಲ, ರ‍್ಯಾಂಕ್ ಇಲ್ಲ, ಮಾರ್ಕ್ಸ್ ಕಾರ್ಡಿಗೆ ಸಹಿ ಇಲ್ಲ. ಅವನು ಓದ್ತಿದಾನಾ ಇಲ್ವಾ ಅಂತ ಗೊತ್ತಾಗೋದು ಹೇಗೆ?

ಹೋಮ್‌ವರ್ಕ್ ಆ್ಯಪಿನಲ್ಲಿ ಬರುತ್ತದೆ. ಪೋಷಕರ ಲಾಗಿನ್ ಕೇಳಿ ಪಡೆಯಿರಿ. ತರಗತಿಯಲ್ಲಿ ಎಷ್ಟನೆಯವನು ಎಂದು ಯಾರೂ ಹೇಳುವುದಿಲ್ಲ. ಪೇರೆಂಟ್ಸ್ ಈವನಿಂಗಿನಲ್ಲಿ ಒಬ್ಬೊಬ್ಬ ಶಿಕ್ಷಕರ ಬಳಿ ಸಿಗುವುದು ಐದು ನಿಮಿಷ. 'ಹೀ ಈಸ್ ಲವ್ಲಿ' ಎಂಬ ಮಾತಿಗೆ ಕರಗಿ ಎದ್ದು ಬಂದರೆ ಆ ಐದು ನಿಮಿಷ ನೀರಿನಲ್ಲಿ ಹೋಮ. ಯಾವ ಸೆಟ್, ಮೇಲಿನ ಸೆಟ್ಟಿಗೆ ಏರಲು ಏನು ಬೇಕು, ಮನೆಯಲ್ಲಿ ಏನು ಮಾಡಿಸಲಿ: ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಏನಾದ್ರೂ ಸಮಸ್ಯೆ ಆದ್ರೆ ಸೀದಾ ಹೆಡ್‌ಮಾಸ್ಟರ್ ಹತ್ರ ಹೋಗ್ಬಹುದಾ?

ಹೋಗಬಹುದು, ಆದರೆ ಅವರು ಫಾರ್ಮ್ ಟ್ಯೂಟರ್ ಕಡೆಗೇ ಕೈ ತೋರಿಸುತ್ತಾರೆ. ದಿನಾ ಬೆಳಿಗ್ಗೆ ಹಾಜರಿ ಹಾಕುವ ಆ ಶಿಕ್ಷಕರೇ ನಿಮ್ಮ ಮೊದಲ ಮೆಟ್ಟಿಲು. ಅವರ ಮೇಲೆ ಹೆಡ್ ಆಫ್ ಇಯರ್. ಓದು ಬರಹ ತೊಡಕಾದರೆ, ಗಮನ ನಿಲ್ಲದಿದ್ದರೆ ಕೇಳಬೇಕಾದದ್ದು 'ಸೆನ್ಕೊ' ಎಂಬ ಶಿಕ್ಷಕರನ್ನು. ನಮ್ಮಲ್ಲಿ ಇನ್ನೂ ನಾಚಿಕೆ ಇದೆ: 'ಮಗುಗೆ ಏನೋ ಇದೆ ಅಂತ ದಾಖಲಾಗಿಬಿಟ್ಟರೆ?' ದಾಖಲಾದರೇ ಪರೀಕ್ಷೆಯಲ್ಲಿ ಹೆಚ್ಚು ಸಮಯ, ತರಗತಿಯಲ್ಲಿ ನೆರವು, ತೀವ್ರವಾದ ಅಗತ್ಯವಿದ್ದರೆ ಕೌನ್ಸಿಲ್ಲಿನಿಂದ ಕಾನೂನುಬದ್ಧ ಯೋಜನೆ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂಬ ಗಾದೆ ಇಂಗ್ಲೆಂಡಿನ ಶಾಲೆಗೆಂದೇ ಹುಟ್ಟಿದಂತಿದೆ.

ಒಮ್ಮೆ ನನ್ನ ಮಗನ ಮೇಲೆ ನಡೆದ ಗೇಲಿಯ ಬಗ್ಗೆ ಎರಡು ಸಲ ಫೋನು ಮಾಡಿ ಏನೂ ಆಗಲಿಲ್ಲ. ಮೂರನೆಯ ಸಲ ದಿನಾಂಕ ಸಮೇತ ಇಮೇಲ್ ಬರೆದೆ, ಮರುದಿನವೇ ಕರೆದರು. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದಿಡಿ.

ಊಟ? ನಮ್ಮದು ಶುದ್ಧ ಸಸ್ಯಾಹಾರಿ ಮನೆ.

ಸಸ್ಯಾಹಾರದ ಊಟ ದಿನವೂ ಇರುತ್ತದೆ, ರುಚಿಯ ಮಾತು ಕೇಳಬೇಡಿ. ಡಬ್ಬಿ ಕಟ್ಟಬಹುದು, ಶೇಂಗಾ, ಗೋಡಂಬಿ ಹಾಕಬೇಡಿ, ಅಲರ್ಜಿಯ ಕಾರಣಕ್ಕೆ ಎಷ್ಟೋ ಶಾಲೆಗಳು ಬಿಡುವುದಿಲ್ಲ. ಚಟ್ನಿಪುಡಿಗೂ ಇದೇ ನಿಯಮ.

ಬೈಬಲ್ ಹೇಳ್ಕೊಡ್ತಾರಂತೆ, ಸೆಕ್ಸ್ ಎಜುಕೇಶನ್ ಅಂತೆ. ಬೇಡ ಅನ್ನಬಹುದಾ?

ಧರ್ಮಗಳ ಪಾಠ ಇದೆ, ಅದರಲ್ಲಿ ಹಿಂದೂ, ಸಿಖ್, ಇಸ್ಲಾಂ ಎಲ್ಲವೂ ಬರುತ್ತವೆ. ಅದರಿಂದ ಮಗುವನ್ನು ಬಿಡಿಸುವ ಹಕ್ಕು ನಿಮಗಿದೆ. ಲೈಂಗಿಕ ಶಿಕ್ಷಣದ ಭಾಗದಿಂದಲೂ ಬಿಡಿಸಲು ಕೇಳಬಹುದು, ಆದರೆ 16 ತುಂಬಲು ಮೂರು ಟರ್ಮ್ ಇರುವಾಗಿನಿಂದ ಮಗುವೇ ಬೇಕೆಂದರೆ ಅದರ ಮಾತೇ ನಡೆಯುತ್ತದೆ. ಸಂಬಂಧಗಳ ಬಗೆಗಿನ ಪಾಠದಿಂದ, ವಿಜ್ಞಾನದ ಪಾಠದಿಂದ ಬಿಡಿಸಲಾಗದು. ನಾನು ಬಿಡಿಸಲಿಲ್ಲ. ಶಿಕ್ಷಕರು ಹೇಳದಿದ್ದರೆ ಬಸ್ಸಿನ ಹಿಂದಿನ ಸೀಟಿನವರು ಹೇಳುತ್ತಾರೆ.

ಅಕ್ಕನ ಮಗಳ ಮದುವೆ. ಎರಡು ವಾರ ಊರಿಗೆ ಹೋಗ್ಬೇಕು. ಜ್ವರ ಅಂತ ಹೇಳಿಬಿಡ್ಲಾ?

ಬೇಡ. ವಿಮಾನದ ಫೋಟೊ ಮಗುವೇ ಗೆಳೆಯರಿಗೆ ತೋರಿಸುತ್ತದೆ. ಮುಖ್ಯ ಶಿಕ್ಷಕರಿಗೆ ಮೊದಲೇ ಬರೆದು ಕೇಳಿ. ತೀರಾ ಹತ್ತಿರದ ಮದುವೆಗೆ ಒಂದೆರಡು ದಿನ ಕೊಟ್ಟವರುಂಟು, ಎರಡು ವಾರ ಕೊಡುವುದು ಕಷ್ಟ. ಅನುಮತಿಯಿಲ್ಲದೆ ಐದು ದಿನ ತಪ್ಪಿದರೆ 2024ರ ಆಗಸ್ಟಿನಿಂದ ದಂಡ ಮಗುವೊಂದಕ್ಕೆ, ಪೋಷಕರೊಬ್ಬರಿಗೆ 80 ಪೌಂಡ್, 21 ದಿನದಲ್ಲಿ ಕಟ್ಟದಿದ್ದರೆ 160. ಇಬ್ಬರು ಮಕ್ಕಳು, ಇಬ್ಬರು ಹೆತ್ತವರು ಎಂದರೆ 320. ಮೂರು ವರ್ಷದೊಳಗೆ ಎರಡನೆಯ ಸಲ ಆದರೆ ನೇರ 160ರ ದರ, ಮೂರನೆಯ ಸಲಕ್ಕೆ ದಂಡ ಮುಗಿದು ಕೋರ್ಟಿನ ದಾರಿ. ಹಬ್ಬದ ಒಂದು ದಿನಕ್ಕೆ ಮಾತ್ರ ಧಾರ್ಮಿಕ ಆಚರಣೆಯೆಂದು ರಜೆ ಸಿಗುತ್ತದೆ.

ಕನ್ನಡ ಒಂದು ವಿಷಯವಾಗಿ ತಗೋಬಹುದಾ?

ಇಯರ್ 11ರ ಕೊನೆಗೆ ಬರೆಯುವ ಪಬ್ಲಿಕ್ ಪರೀಕ್ಷೆ ಜಿಸಿಎಸ್ಇಯಲ್ಲಿ ಉರ್ದು, ಬಂಗಾಳಿ, ಪಂಜಾಬಿ, ಗುಜರಾತಿ ಇವೆ. ಕನ್ನಡ ಇಲ್ಲ. ಮನೆಯೇ ಶಾಲೆ.

## ಹದಿನಾಲ್ಕರ ನಂತರ

ಜಿಸಿಎಸ್ಇ ನಮ್ಮ ಎಸ್ಸೆಸ್ಸೆಲ್ಸಿ ಥರ ತಾನೆ? 9 ಅಂದ್ರೆ ಎಷ್ಟು ಪರ್ಸೆಂಟು?

ಪರ್ಸೆಂಟಿನ ಲೆಕ್ಕ ಬಿಡಿ. 9 ಅತಿ ಮೇಲು, 1 ಅತಿ ಕೆಳಗು. 4 ಬಂದರೆ ಪಾಸು, 5 ಬಂದರೆ ಗಟ್ಟಿ ಪಾಸು. ಇಂಗ್ಲಿಷ್, ಗಣಿತದಲ್ಲಿ 4 ಬಾರದವರು ಮುಂದಿನ ಓದಿನ ಜೊತೆ ಅವನ್ನು ಮತ್ತೆ ಓದಬೇಕು.

ನಮ್ಮವರು ಗಮನಿಸದ ಜಾಗ ಎರಡು. ಗಣಿತ, ವಿಜ್ಞಾನದಲ್ಲಿ ಪ್ರಶ್ನೆಪತ್ರಿಕೆಯೇ ಎರಡು ಬಗೆ. 'ಫೌಂಡೇಶನ್' ಬರೆದವರಿಗೆ ಎಷ್ಟು ಚೆನ್ನಾಗಿ ಬರೆದರೂ 5ಕ್ಕಿಂತ ಮೇಲೆ ಸಿಗದು. ನಿಮ್ಮ ಮಗು ಯಾವುದಕ್ಕೆ ತಯಾರಾಗುತ್ತಿದೆ ಎಂದು ಇಯರ್ 10ರಲ್ಲೇ ಕೇಳಿ, ಇಯರ್ 11ರ ಜನವರಿಯಲ್ಲಿ ಕೇಳಿದರೆ ತಡ. ಇನ್ನೊಂದು ವಿಜ್ಞಾನ: 'ಕಂಬೈನ್ಡ್' ಎಂದರೆ ಮೂರೂ ವಿಷಯ ಸೇರಿ ಎರಡು ಜಿಸಿಎಸ್ಇ, 'ಟ್ರಿಪಲ್' ಎಂದರೆ ಮೂರು. ಟ್ರಿಪಲ್ ಇಲ್ಲದಿದ್ದರೆ ಡಾಕ್ಟರ್ ದಾರಿ ಮುಚ್ಚಿತು ಎಂಬ ಗಾಬರಿ ಬೇಡ. ಕಂಬೈನ್ಡ್‌ನಲ್ಲಿ ಒಳ್ಳೆಯ ಗ್ರೇಡ್ ಬಂದರೆ ಎ ಲೆವೆಲ್ (16ರ ನಂತರದ ಎರಡು ವರ್ಷದ ಓದು, ನಮ್ಮ ಪಿಯುಸಿಯ ಹಾಗೆ) ವಿಜ್ಞಾನಕ್ಕೆ ಬಹಳ ಕಡೆ ಸೇರಿಸಿಕೊಳ್ಳುತ್ತಾರೆ.

ಮಗ ಅಲ್ಲಿ ಒಂಬತ್ತು ಮುಗಿಸಿದಾನೆ. ಈಗ ಕರ್ಕೊಂಡು ಬರಲಾ, ಹತ್ತು ಮುಗಿದ ಮೇಲಾ?

ಜಿಸಿಎಸ್ಇ ಇಯರ್ 10, 11 ಸೇರಿ ಎರಡು ವರ್ಷದ ಓದು. ಇಯರ್ 10ರ ಸೆಪ್ಟೆಂಬರಿಗೆ ಬಂದರೆ ಸಲೀಸು. ಇಯರ್ 11ಕ್ಕೆ ಬಂದು ಬಿದ್ದರೆ ಅರ್ಧ ಪಾಠ ಮುಗಿದಿರುತ್ತದೆ. ಇಂಗ್ಲಿಷ್ ಸಾಹಿತ್ಯದಲ್ಲಿ ಓದದ ನಾಟಕದ ಮೇಲೆ ಪರೀಕ್ಷೆ. ಹಾಗಿದ್ದಾಗ ಊರಲ್ಲೇ ಹತ್ತನೇ ತರಗತಿ ಮುಗಿಸಿ ಇಲ್ಲಿ 16ರ ನಂತರದ ಓದಿಗೆ ಸೇರುವುದು ಎಷ್ಟೋ ಮಕ್ಕಳಿಗೆ ಮೇಲು. ಬರುವ ಮುಂಚೆ ಆ ಓದು ನಡೆಸುವ ವಿಭಾಗವಾದ ಸಿಕ್ಸ್ತ್ ಫಾರ್ಮಿಗೆ ಬರೆದು, ನಮ್ಮ ಬೋರ್ಡಿನ ಅಂಕಗಳನ್ನು ಹೇಗೆ ಒಪ್ಪುತ್ತಾರೆಂದು ಲಿಖಿತವಾಗಿ ಕೇಳಿ.

16 ಆದ ಮೇಲೆ ಅದೇ ಶಾಲೆನಾ?

ಸಿಕ್ಸ್ತ್ ಫಾರ್ಮ್ ಇದ್ದರೆ ಅಲ್ಲೇ ಮುಂದುವರಿಯಬಹುದು, ಗ್ರೇಡಿನ ಷರತ್ತಿರುತ್ತದೆ. ಇಲ್ಲಿಂದ ಆಚೆ ಕಾಂಪ್ರಿಹೆನ್ಸಿವ್ ಶಾಲೆಯೂ ಆರಿಸಿ ತೆಗೆದುಕೊಳ್ಳುತ್ತದೆ. ಸಾಮಾನ್ಯವಾಗಿ ಮೂರು ಎ ಲೆವೆಲ್. ಬೇಡದವರಿಗೆ ಕಾಲೇಜಿನ ವೃತ್ತಿ ಕೋರ್ಸು, ಅಪ್ರೆಂಟಿಸ್‌ಶಿಪ್. 18ರವರೆಗೆ ಏನಾದರೊಂದು ಕಲಿಕೆಯಲ್ಲಿ ಇರಲೇಬೇಕು.

ಇಲ್ಲೇ ಓದಿದ ಮೇಲೆ ಯೂನಿವರ್ಸಿಟಿಗೂ ಇಲ್ಲಿಯವರ ಫೀಸೇ ತಾನೆ?

ಇದನ್ನು ಇಯರ್ 12ರಲ್ಲಿ ಕೇಳಿ ಎದೆ ಒಡೆದುಕೊಂಡವರಿದ್ದಾರೆ. ಶಾಲೆಯಲ್ಲಿ ಓದಿದ ಮಾತ್ರಕ್ಕೆ 'ಹೋಮ್' ಫೀಸು ಸಿಗುವುದಿಲ್ಲ. ಸಾಮಾನ್ಯ ನಿಯಮ: ಕೋರ್ಸು ಶುರುವಾಗುವ ಹೊತ್ತಿಗೆ ಖಾಯಂ ವಾಸದ ಹಕ್ಕಿರಬೇಕು, ಅದಕ್ಕೆ ಮುಂಚೆ ಮೂರು ವರ್ಷ ಇಲ್ಲಿದ್ದಿರಬೇಕು. ಬಹಳ ವರ್ಷದಿಂದ ಇಲ್ಲಿ ಬೆಳೆದ ಮಕ್ಕಳಿಗೆ ಬೇರೆ ದಾರಿಯೂ ಉಂಟು. 2025–26ಕ್ಕೆ ಹೋಮ್ ಫೀಸಿನ ಮಿತಿ ವರ್ಷಕ್ಕೆ 9,535 ಪೌಂಡ್. ವಿದೇಶಿ ವಿದ್ಯಾರ್ಥಿಗೆ ಅದರ ಎರಡು ಮೂರು ಪಟ್ಟು. ಮಗು ಇಯರ್ 9ರಲ್ಲಿರುವಾಗಲೇ ವೀಸಾದ ಕ್ಯಾಲೆಂಡರನ್ನೂ ಶಾಲೆಯ ಕ್ಯಾಲೆಂಡರನ್ನೂ ಅಕ್ಕಪಕ್ಕ ಇಟ್ಟು ನೋಡಿ.

ನಾವು ಬರೀ ತಗೋತಾ ಇದೀವಿ ಅನ್ಸುತ್ತೆ. ಶಾಲೆಗೆ ನಾವೇನಾದ್ರೂ ಮಾಡ್ಬಹುದಾ?

ಪೇರೆಂಟ್ ಗವರ್ನರ್ ಚುನಾವಣೆಗೆ ನಿಲ್ಲಬಹುದು. ಸಾಮಾನ್ಯವಾಗಿ ನಾಲ್ಕು ವರ್ಷದ ಅವಧಿ, ಸಂಬಳವಿಲ್ಲ, ಬಜೆಟ್ ಕಾಗದಗಳ ಕಟ್ಟು ಓದುವ ತಾಳ್ಮೆ ಬೇಕು. ಅಕೌಂಟ್ಸ್ ಬಲ್ಲವರನ್ನು ಕಂಡರೆ ಅವರಿಗೆ ಜೀವ. ನಾನು ನಿಂತ ವರ್ಷ ಎರಡು ಸ್ಥಾನಕ್ಕೆ ಇಬ್ಬರೇ ಅಭ್ಯರ್ಥಿಗಳು, ಚುನಾವಣೆಯೇ ನಡೆಯಲಿಲ್ಲ.